ವಿಎಂ ಬದಲಾದರೆ ಭಾಷೆಗಳನ್ನು ಕಾಯಬೇಕಾದವರು ಯಾರು?

ಓಪನ್ ಸೋರ್ಸ್ ವರ್ಚುವಲ್ ಮಷೀನ್ (ವಿಎಂ), ಅಂದರೆ ಪ್ರೋಗ್ರಾಮಿಂಗ್ ಭಾಷೆಗಳ ಕೋಡನ್ನು ಓಡಿಸುವ ಸಾಫ್ಟ್‌ವೇರ್ ಯಂತ್ರ, ಬೆಳೆಯುತ್ತಾ ಬದಲಾಗುತ್ತಲೇ ಇರುತ್ತದೆ. ಅದರ ಮೇಲೆ ಓಡುವ ಭಾಷೆಗಳು ಕೆಡದಂತೆ ನೋಡಿಕೊಳ್ಳುವ ಹೊಣೆ ವಿಎಂ ತಂಡದ್ದೇ?

ಪರ: ಬದಲಿಸಿದವರೇ ಸರಿಪಡಿಸಲಿ

ಪ್ಯಾರಟ್ ವಿಎಂ ಹುಟ್ಟಿದ್ದು ಪರ್ಲ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ. ಆದರೆ ಅದು ಹುಟ್ಟಿಸಿದ ಆಸೆ ದೊಡ್ಡದು: ಡೈನಾಮಿಕ್ ಭಾಷೆಗಳೆಲ್ಲ ಒಂದೇ ಯಂತ್ರದ ಮೇಲೆ ಓಡಲಿ, ಒಂದರ ಲೈಬ್ರರಿ ಇನ್ನೊಂದಕ್ಕೂ ಸಿಗಲಿ. ಅದನ್ನು ನಂಬಿ ಟಿಸಿಎಲ್, ಲುವಾ, ಪೈಥಾನ್, ರೂಬಿ, ಪಿಎಚ್‌ಪಿಗಳಿಗೆ ಕಂಪೈಲರ್ (ಭಾಷೆಯ ಕೋಡನ್ನು ವಿಎಂಗೆ ತಿಳಿಯುವಂತೆ ಬದಲಿಸುವ ಪ್ರೋಗ್ರಾಂ) ಬರೆಯಲು ಹೊರಟವರಿದ್ದರು. ಹೆಚ್ಚಿನವು ಒಬ್ಬಿಬ್ಬರು ಬಿಡುವಿನಲ್ಲಿ ಮಾಡುತ್ತಿದ್ದ ಕೆಲಸ.

ಮೊದಲು ಈ ಭಾಷೆಗಳ ಕೋಡ್ ಪ್ಯಾರಟ್‌ನ ರೆಪೊಸಿಟರಿ ಎಂಬ ಕೋಡ್ ಭಂಡಾರದ ಒಳಗೇ, 'ಲ್ಯಾಂಗ್ವೇಜಸ್' ಫೋಲ್ಡರಿನಲ್ಲಿತ್ತು. ಒಂದು ಆಪ್‌ಕೋಡ್ (ವಿಎಂಗೆ ಕೊಡುವ ಮೂಲ ಆದೇಶ) ತೆಗೆಯುವವರು ಅಲ್ಲೇ ಗ್ರೆಪ್ ಹೊಡೆದು, ಅಂದರೆ ಕೋಡಿನಲ್ಲಿ ಹುಡುಕಿ, ಅದನ್ನು ಯಾವ ಭಾಷೆ ಬಳಸುತ್ತಿದೆ ಎಂದು ನೋಡಿ, ಅದೇ ಕಮಿಟ್‌ನಲ್ಲಿ ತಿದ್ದಬಹುದಿತ್ತು. 2009ರ ಮಾರ್ಚ್‌ನಲ್ಲಿ ಪ್ಯಾರಟ್ 1.0 ಆವೃತ್ತಿ ಬರುವ ಆಸುಪಾಸಿನಲ್ಲಿ ಭಾಷೆಗಳು ಹೊರಗೆ ತಮ್ಮ ತಮ್ಮ ರೆಪೊಸಿಟರಿಗಳಿಗೆ ಹೋದವು. ಪ್ಯಾರಟ್ ಮಾತ್ರ ತಿಂಗಳಿಗೊಂದು ರಿಲೀಸ್ ಬಿಡುತ್ತಲೇ ಇತ್ತು. ಕೆಲವು ತಿಂಗಳು ಆ ಕಡೆ ತಲೆ ಹಾಕದಿದ್ದವರ ಭಾಷೆ ಹೊಸ ಪ್ಯಾರಟ್ ಮೇಲೆ ಬಿಲ್ಡೇ ಆಗದ ಸ್ಥಿತಿ. ಮತ್ತೆ ಕೂತರೂ ಸಿಕ್ಕ ಸಮಯವೆಲ್ಲ ಹಳೆಯದನ್ನು ಎಬ್ಬಿಸಿ ನಿಲ್ಲಿಸುವುದಕ್ಕೇ ಸರಿ. ಒಂದೊಂದಾಗಿ ಭಾಷೆಗಳು ನಿಂತುಹೋದವು.

ಏನು ಬದಲಾಯಿತು, ಅದರ ಜಾಗದಲ್ಲಿ ಏನು ಬಳಸಬೇಕು ಎಂಬುದು ಬದಲಿಸಿದವರಿಗೆ ಆಗಲೇ ಗೊತ್ತಿರುತ್ತದೆ. ಅವರಿಗೆ ನಿಮಿಷಗಳ ತಿದ್ದುಪಡಿ ಹೊರಗಿನವರ ಇಡೀ ಭಾನುವಾರವನ್ನು ನುಂಗುತ್ತದೆ. ತನ್ನನ್ನು ನಂಬಿದ ಭಾಷೆಗಳ ಟೆಸ್ಟ್‌ಗಳನ್ನು ವಿಎಂ ತಂಡವೇ ಓಡಿಸಬೇಕು, ಕೆಟ್ಟರೆ ಪ್ಯಾಚ್ (ತಿದ್ದಿದ ಕೋಡ್) ಕಳಿಸಬೇಕು.

ವಿರೋಧ: ವಿಎಂನ ಕೈ ಕಟ್ಟಬೇಡಿ

ಪ್ಯಾರಟ್ ಭಾಷೆಗಳನ್ನು ಕೈಬಿಟ್ಟಿತು ಎನ್ನುವುದು ಅನ್ಯಾಯದ ಮಾತು. 1.0 ನಂತರ ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿತ್ತು: ಏನನ್ನೇ ತೆಗೆಯುವುದಿದ್ದರೂ ಮೊದಲು ನೋಟಿಸ್, ಆ ನೋಟಿಸ್ ಹೊತ್ತ ಸಪೋರ್ಟೆಡ್ ರಿಲೀಸ್ (ತಂಡ ಬೆಂಬಲ ಕೊಡುವ ಆವೃತ್ತಿ) ಬಂದ ಮೇಲಷ್ಟೇ ಕತ್ತರಿ. ಅಂಥ ರಿಲೀಸ್ ಮೊದಮೊದಲು ಬರುತ್ತಿದ್ದದ್ದು ಆರು ತಿಂಗಳಿಗೊಮ್ಮೆ. ವಿನ್ಯಾಸವೇ ತಪ್ಪು ಎಂದು ಗೊತ್ತಿದ್ದ ಭಾಗವನ್ನೂ ಅಲ್ಲಿಯವರೆಗೆ ಹೊತ್ತುಕೊಂಡೇ ಇರಬೇಕಿತ್ತು. ಯಾರಿಗಾಗಿ? ಎಲ್ಲಕ್ಕಿಂತ ಚುರುಕಾಗಿದ್ದ ರಾಕುಡೊಗೆ, ಅಂದರೆ ಪರ್ಲ್ 6ರ ಕಂಪೈಲರಿಗೆ, ಬೇಕಿದ್ದದ್ದು ವೇಗ. ತನಗೆ ಪ್ಯಾರಟ್ ಕೋಡಿನ ಯಾವ ರಿವಿಷನ್ (ಯಾವ ಹಂತದ ರೂಪ) ಬೇಕೆಂದು ಅದು ಒಂದು ಪುಟ್ಟ ಫೈಲಿನಲ್ಲಿ ಬರೆದಿಟ್ಟುಕೊಂಡಿತ್ತು. ವಿಎಂ ಮುಂದೆ ಏನೇ ಆಗಲಿ, ಇವತ್ತಿನ ಭಾಷೆ ಓಡುತ್ತದೆ. ಯಾವಾಗ ಮೇಲೇರಬೇಕೆಂಬುದು ಭಾಷೆಯವರ ಕೈಯಲ್ಲೇ ಇತ್ತು. ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಾಣುತ್ತಿಲ್ಲ. ಕೊನೆಗೆ ರಾಕುಡೊ ಬಳಗದವರೇ ಮೋರ್‌ವಿಎಂ ಎಂಬ ಬೇರೆ ವಿಎಂ ಕಟ್ಟಿ 2013ರಲ್ಲಿ ಪ್ರಕಟಿಸಿದರು. 2015ರಲ್ಲಿ ಪ್ಯಾರಟ್ ಬೆಂಬಲವನ್ನು ನಿಲ್ಲಿಸಿದರು.

ಜಾವಾದ ವಿಎಂ ಆದ ಜೆವಿಎಂ ನೋಡಿ. ಅದರ ಒಳಗಿನ, ಮೆಮೊರಿಯನ್ನು ನೇರವಾಗಿ ಮುಟ್ಟುವ 'ಅನ್‌ಸೇಫ್' ಕ್ಲಾಸ್ ಹೊರಗಿನವರಿಗೆಂದು ಇಟ್ಟದ್ದೇ ಅಲ್ಲ. ಆದರೂ ಎಷ್ಟೋ ಲೈಬ್ರರಿಗಳು ಅದಕ್ಕೆ ಜೋತುಬಿದ್ದವು. 2017ರಲ್ಲಿ ಜಾವಾ 9 ಜೊತೆ 'ವಾರ್‌ಹ್ಯಾಂಡಲ್' ಎಂಬ ಅಧಿಕೃತ ಬದಲಿ ಬಂತು. 2025ರಲ್ಲಿ ಜಾವಾ 24ರ ಮೇಲೆ, ಜೆವಿಎಂನಲ್ಲಿ ಓಡುವ ಇನ್ನೊಂದು ಭಾಷೆಯಾದ ಸ್ಕಾಲಾ 3 ಓಡಿಸಿದವರ ಟರ್ಮಿನಲ್‌ನಲ್ಲಿ, ಲೇಜಿ ವ್ಯಾಲ್‌ಗಳ (ಬೇಕಾದಾಗಷ್ಟೇ ಲೆಕ್ಕವಾಗುವ ಮೌಲ್ಯಗಳ) ಕೋಡ್ ಇನ್ನೂ ಅನ್‌ಸೇಫ್ ಅನ್ನೇ ಕರೆಯುತ್ತಿದೆ ಎಂಬ ಎಚ್ಚರಿಕೆ ಮೂಡತೊಡಗಿತು. ಜಾವಾ 8 ಬಳಸುವವರನ್ನು ಬಿಟ್ಟುಕೊಡಬಾರದೆಂಬ ಕಾರಣ ಸ್ಕಾಲಾಗಿತ್ತು, ಒಪ್ಪೋಣ. ಆದರೆ ಆ ಆಯ್ಕೆ ಸ್ಕಾಲಾದವರದ್ದು. ಅದರ ತಿದ್ದುಪಡಿಯ ಕೆಲಸವೂ ಅವರದ್ದೇ.