ಸತ್ಯಾಂಶ: ಮುಟ್ಟು ನಿಲ್ಲುವ ಮುಂಚೆ ಹೆಚ್ಚು ಹೋಗುವುದು ‘ಕೆಟ್ಟ ರಕ್ತ’ ಅಲ್ಲ

ಮುಂಬೈ ಸುತ್ತಲಿನ ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡ ಮಹಿಳೆಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಮುಟ್ಟು ನಿಲ್ಲುವ ಮುಂಚೆ ಎಷ್ಟು ಹೋದರೆ ಅಷ್ಟು ಒಳ್ಳೆಯದು, ಕೆಟ್ಟ ರಕ್ತವೆಲ್ಲ ಹೊರಬೀಳುತ್ತದೆ, ಔಷಧಿ ಬೇಡ.’ ಇದು ಸುಳ್ಳು.

ಕೆಟ್ಟ ರಕ್ತ ಕೂಡಿಡುವ ಜಾಗ ಗರ್ಭಕೋಶದಲ್ಲಿಲ್ಲ. 40 ದಾಟಿದ ಮೇಲೆ ಅಂಡಾಶಯದಿಂದ ಅಂಡ ಬಿಡುಗಡೆಯಾಗುವುದು ಕೆಲವು ತಿಂಗಳು ತಪ್ಪುತ್ತದೆ. ಆಗ ಒಳಪದರವನ್ನು ಹತೋಟಿಯಲ್ಲಿಡುವ ಹಾರ್ಮೋನ್ ಪ್ರೊಜೆಸ್ಟರಾನ್ ಸಾಲದು; ಅದನ್ನು ಬೆಳೆಸುವ ಹಾರ್ಮೋನ್ ಈಸ್ಟ್ರೋಜನ್ ಮಾತ್ರ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತಲೇ ಹೋಗುತ್ತದೆ. ಎರಡು ತಿಂಗಳು ಮುಟ್ಟಾಗದೆ, ಆಮೇಲೆ ಒಮ್ಮೆಲೇ ಧಾರಾಳವಾಗಿ ಹೋಗುವುದು ಹೆಚ್ಚಾಗಿ ಇದರಿಂದ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ, ಇದು ಕ್ಯಾನ್ಸರ್ ಅಲ್ಲ), ಥೈರಾಯ್ಡ್ ತೊಂದರೆ, ಕೆಲವೊಮ್ಮೆ ಕ್ಯಾನ್ಸರ್ ಕೂಡ ಕಾರಣವಿರಬಹುದು.

ಹೋಗುವುದು ಒಳ್ಳೆಯ ರಕ್ತವೇ, ಜೊತೆಗೆ ಕಬ್ಬಿಣಾಂಶವೂ. ಸ್ಟೇಷನ್ನಿನ ಸೇತುವೆ ಹತ್ತುವಾಗ ಅರ್ಧದಲ್ಲೇ ಕಂಬಿ ಹಿಡಿದು ಏದುಸಿರು ಬಿಡುವ ಅಕ್ಕಂದಿರು ‘ವಯಸ್ಸಾಯ್ತಲ್ಲ’ ಅನ್ನುತ್ತಾರೆ. ದಯವಿಟ್ಟು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, 7 ದಿನ ಮೀರಿದರೆ, 21 ದಿನದೊಳಗೇ ಮತ್ತೆ ಮತ್ತೆ ಬಂದರೆ, ಸಂಭೋಗದ ನಂತರ ರಕ್ತ ಕಂಡರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. 12 ತಿಂಗಳು ಪೂರ್ತಿ ನಿಂತ ಮೇಲೆ ಒಂದು ಹನಿ ಕಂಡರೂ ತಡಮಾಡಬೇಡಿ.

ಡಾಕ್ಟರ ಹತ್ತಿರ ಹೋದರೆ ಗರ್ಭಕೋಶ ತೆಗೆದೇಬಿಡುತ್ತಾರೆ ಎಂದು ಹೆದರಿ ಎಷ್ಟೋ ಜನ ಸುಮ್ಮನಿರುತ್ತಾರೆ. ನನಗೆ ಸಂಕಟವಾಗುವುದು ಇದಕ್ಕೇ. ಕಾರಣ ಗೊತ್ತಾದರೆ ಬಹಳ ಮಂದಿಗೆ ಮಾತ್ರೆಯಲ್ಲೋ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನದಲ್ಲೋ ಹತೋಟಿಗೆ ಬರುತ್ತದೆ. ಖರ್ಚಿನ ಚಿಂತೆಯಿದ್ದರೆ ಸಯನ್, ಕೆಇಎಂನಂಥ ಮುಂಬೈ ಪಾಲಿಕೆಯ ಆಸ್ಪತ್ರೆಗಳಲ್ಲೂ ಸ್ತ್ರೀರೋಗ ವಿಭಾಗವಿದೆ.