ರಾಜಿ ಮಾಡ್ಕೊಳ್ಳೋಣ, ನಾಮಪತ್ರ ವಾಪಸ್ ತೆಗೆಯೋ ಮೊದಲು

ಸಣ್ಣ ಪಕ್ಷದವರು ಯಾರ ಜೊತೆಗಾದರೂ ರಾಜಿ ಮಾಡ್ಕೊಂಡರೆ ನಮ್ಮ ಕಡೆ ಒಂದೇ ಮಾತು: "ಮಾರ್ಕೊಂಡ್ರು." ಒಬ್ಬರೇ ನಿಂತು ಸೋತರೆ ಅದಕ್ಕೂ ಮಾತು ರೆಡಿ: "ಇವರ ಕೈಲಿ ಏನಾಗುತ್ತೆ ಬಿಡಿ." ಎರಡನ್ನೂ ಹೇಳೋರು ಅವರೇ, ಅದೇ ಅರಳಿಕಟ್ಟೆ ಮೇಲೆ ಕೂತು. ನಾನು ರೈತ ಸಂಘದ ಕಡೆಯವನು. ಕಡೂರು ತಾಲೂಕಲ್ಲಿ ತೆಂಗಿನ ತೋಟ ಇದೆ. ಈ ವಿಷಯದಲ್ಲಿ ನಾನು ರಾಜಿಯ ಪರ. ಬೈಯೋರು ಪೂರ್ತಿ ಓದಿ ಬೈಯಿರಿ.

ನಮ್ಮ ಚಿಕ್ಕಮಗಳೂರು ಜಿಲ್ಲೆಯವರು ನೋಡದ ರಾಜಿ ಇಲ್ಲ. 2019ರ ಲೋಕಸಭೆ ಚುನಾವಣೆ ನೆನಪಿದೆ ಅಲ್ವಾ? ಕಡೂರು ಹಾಸನ ಕ್ಷೇತ್ರಕ್ಕೆ ಸೇರುತ್ತೆ, ಜಿಲ್ಲೆಯ ಉಳಿದ ಕಡೆ ಉಡುಪಿ ಜೊತೆ. ಆ ಉಡುಪಿ ಕಡೆ ಕಾಂಗ್ರೆಸ್-ಜೆಡಿಎಸ್ ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ, ಅಭ್ಯರ್ಥಿ ಮಾತ್ರ ಕಾಂಗ್ರೆಸ್‌ನ ಪ್ರಮೋದ್ ಮಧ್ವರಾಜ್. ಜೀವಮಾನವೆಲ್ಲ ಕೈ ಗುರುತಿಗೆ ಓಟು ಕೇಳಿದವರು ತೆನೆ ಹೊತ್ತ ಮಹಿಳೆಯ ಚೀಟಿ ಹಿಡ್ಕೊಂಡು ಮನೆಮನೆ ಸುತ್ತಿದರು. ಬಿಜೆಪಿಯ ಶೋಭಾ ಕರಂದ್ಲಾಜೆ 3 ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. 2023ರಲ್ಲಿ ಚಿಕ್ಕಮಗಳೂರಲ್ಲಿ ಜೆಡಿಎಸ್‌ಗೆ ತನ್ನದೇ ಅಭ್ಯರ್ಥಿ ಇದ್ದರೂ, ಅದೇ ಪಕ್ಷದ ಎಸ್.ಎಲ್. ಭೋಜೇಗೌಡರು ಕಾಂಗ್ರೆಸ್‌ನ ತಮ್ಮಯ್ಯನವರ ಪರ ನಿಂತರು. ಬಿಜೆಪಿಯ ಸಿ.ಟಿ. ರವಿ ಸೋತರು. ನಾಲ್ಕೇ ತಿಂಗಳಿಗೆ ಜೆಡಿಎಸ್ ಹೋಗಿ ಬಿಜೆಪಿ ಜೊತೆ ಸೇರಿತು. ಮರುವರ್ಷ ಭೋಜೇಗೌಡರು ಆ ಮೈತ್ರಿಯ ಅಭ್ಯರ್ಥಿಯಾಗಿ ಮತ್ತೆ ವಿಧಾನ ಪರಿಷತ್ತಿಗೆ ಹೋದರು. ನಮ್ಮ ಕಡೂರಲ್ಲಿ ಜೆಡಿಎಸ್‌ನ ಮಾಜಿ ಎಮ್ಮೆಲ್ಲೆ ವೈ.ಎಸ್.ವಿ. ದತ್ತ ಮೇಷ್ಟ್ರು 2023ರ ಜನವರಿಯಲ್ಲಿ ಕಾಂಗ್ರೆಸ್ ಸೇರಿದರು. ಟಿಕೆಟ್ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಜೆಡಿಎಸ್‌ಗೆ ವಾಪಸ್ ಬಂದು ನಿಂತು ಸೋತರು. ಅವರ ಮೇಲೆ ನನಗೆ ಇವತ್ತಿಗೂ ಗೌರವ ಇದೆ. ಲೆಕ್ಕದ ಮೇಷ್ಟ್ರು, ಈ ಲೆಕ್ಕ ಮಾತ್ರ ತಾಳೆ ಆಗಲಿಲ್ಲ.

ಇದರಲ್ಲಿ ಯಾವ ರಾಜಿಗಾದರೂ ಕೊಬ್ಬರಿ ರೇಟು, ಕೆರೆಗೆ ನೀರು ಅಂತ ಒಂದು ಷರತ್ತು ಇತ್ತಾ? ನನ್ನ ಕಿವಿಗಂತೂ ಬೀಳಲಿಲ್ಲ. ಜನ "ಮಾರ್ಕೊಂಡ್ರು" ಅನ್ನೋದು ಸುಮ್ನೆ ಅಲ್ಲ.

ಮೊನ್ನೆ ಕಡೂರಲ್ಲಿ ಸಂಘದವರು ಒಂದಷ್ಟು ಜನ ಸೇರಿದ್ದೆವು. 2016ರ ಮೇಲೆ ನಡೆಯದೇ ಕೂತಿರೋ ತಾಲೂಕು ಪಂಚಾಯಿತಿ ಚುನಾವಣೆ ಬಂದರೆ ದೊಡ್ಡ ಪಕ್ಷದ ಜೊತೆ ಸೀಟು ಹಂಚಿಕೊಳ್ಳಬೇಕಾ ಬೇಡ್ವಾ ಅನ್ನೋ ಮಾತು. ಎಂಬತ್ತರ ದಶಕದಲ್ಲಿ ಜೈಲು ನೋಡಿ ಬಂದ ಹಿರಿಯರೊಬ್ಬರು ಹಸಿರು ಶಾಲು ಮಡಚಿ ತೊಡೆ ಮೇಲೆ ಇಟ್ಕೊಂಡಿದ್ದರು. "ಇದನ್ನ ಹಾಕ್ಕೊಂಡು ಅವರ ಆಫೀಸಿನ ಮೆಟ್ಟಿಲು ಹತ್ತಲ್ಲ ಕಣ್ರಪ್ಪಾ" ಅಂದರು.

ತೋಟ ನೋಡ್ಕೊಂಡಿರೋ ಹುಡುಗನೊಬ್ಬ ಬಾಯಿ ಹಾಕಿದ. "ಯಜಮಾನ್ರೇ, ಶಾಲು ತೋರಿಸಿದ್ರೆ ನಾಫೆಡ್‌ನೋರು ಕೊಬ್ಬರಿ ತಗೊಳ್ತಾರಾ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಊರ ಬಾಗಿಲಲ್ಲಿ ಬೋರ್ಡು ನೆಟ್ಟಾಗ ನಮ್ ಕಡೆ ಯಾವ ಎಮ್ಮೆಲ್ಲೆ ಇದ್ದ, ಹೇಳು ಮಗಾ."

ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯ್ತಲ್ಲ, ಆ ಸಿಟ್ಟಲ್ಲಿ ಹುಟ್ಟಿದ ಸಂಘ ಇದು. ಅಪ್ಪಣೆ ಇಲ್ಲದೆ ಸಾಲ ವಸೂಲಿಯವರು ಊರೊಳಗೆ ಕಾಲಿಡಬಾರದು ಅಂತ ಊರೂರಲ್ಲಿ ಬೋರ್ಡು ಹಾಕಿದ್ದರು. ಜಪ್ತಿ ಆದ ಸಾಮಾನನ್ನು ಮರುಜಪ್ತಿ ಮಾಡಿ ಮನೆಗೆ ತಂದು ಇಳಿಸಿದ್ದರು. ಅದಕ್ಕೆ ಎಮ್ಮೆಲ್ಲೆ ಬೇಕಾಗಿರಲಿಲ್ಲ. ಹಿರಿಯರ ಪ್ರಶ್ನೆಗೆ ಅವತ್ತು ಯಾರೂ ಉತ್ತರ ಕೊಡಲಿಲ್ಲ.

ನನ್ನ ಉತ್ತರ ಇದು. ಅವತ್ತು ವಸೂಲಿಗೆ ಬರೋನು ಜೀಪಲ್ಲಿ ಬರ್ತಿದ್ದ. ಅಡ್ಡ ನಿಂತರೆ ಜೀಪು ನಿಲ್ತಿತ್ತು. 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ಕೇಂದ್ರದ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ 1,500 ಅಂತ ಆಯ್ತಲ್ಲ, ಆಗ ಏನಾಯ್ತು? ನೋಂದಣಿಗೆ ರಾತ್ರಿಯೆಲ್ಲ ಕ್ಯೂ. ನೋಡನೋಡುತ್ತಲೇ ಕೋಟಾ ಮುಗೀತು ಅಂದರು. ಆಮೇಲೆ ಅಕ್ರಮ ಆಗಿದೆ ಅಂತ ಆ ಪಟ್ಟಿನೇ ರದ್ದು. ಮತ್ತೆ ನೋಂದಣಿ, ಮತ್ತೆ ಕ್ಯೂ, ಮತ್ತೆ ಹೆಬ್ಬೆಟ್ಟು. ಯಾರಿಗೆ ಅಡ್ಡ ನಿಲ್ಲೋದು? ಕಂಪ್ಯೂಟರ್ ಮುಂದೆ ಕೂತ ಹುಡುಗನಿಗಾ?

ಇನ್ನೂ ಒಂದಿದೆ, ನನಗೆ ಜಾಸ್ತಿ ಉರಿಯೋದು ಅದೇ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳೋ ಹಾಗೆ ಮಾಡಿದ್ದು 2020ರಲ್ಲಿ. ಬೀದಿ ತುಂಬ ಹಸಿರು ಶಾಲು ಇತ್ತು. ಸದನದೊಳಗೆ ಒಂದೂ ಇರಲಿಲ್ಲ. ಸಂಘದ ಎಮ್ಮೆಲ್ಲೆ ಆಗಿದ್ದ ಪುಟ್ಟಣ್ಣಯ್ಯನವರು 2018ರಲ್ಲಿ ತೀರಿಕೊಂಡಿದ್ದರು, ಆ ವರ್ಷದ ಚುನಾವಣೆಯಲ್ಲಿ ಮಗ ದರ್ಶನ್ ಸೋತಿದ್ದರು. ಪುಟ್ಟಣ್ಣಯ್ಯನವರಂಥವರೇ 1994ರಲ್ಲಿ ಪಾಂಡವಪುರದಿಂದ ಒಮ್ಮೆ ಗೆದ್ದ ಮೇಲೆ ಮತ್ತೆ ವಿಧಾನಸಭೆಗೆ ಬಂದದ್ದು 2013ರಲ್ಲಿ. ನಡುವೆ 19 ವರ್ಷ. ನಮ್ಮ ಶುದ್ಧತೆಗೆ ಕೊಟ್ಟ ಬೆಲೆಯಲ್ಲಿ ಇದೂ ಸೇರಿದೆ.

ರಾಜಿ ಅಂದ ಕೂಡಲೇ ಹಿರಿಯರು ಬಾಬಾಗೌಡ ಪಾಟೀಲರ ಹೆಸರು ತೆಗೀತಾರೆ. 1989ರಲ್ಲಿ ಸಂಘದಿಂದ ಎರಡು ಕಡೆ ಗೆದ್ದವರು, 1998ರಲ್ಲಿ ಬಿಜೆಪಿಯಿಂದ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಅದು ಪಕ್ಷಾಂತರ ಸ್ವಾಮಿ, ಅದನ್ನ ತಂದು ರಾಜಿಯ ತಲೆಗೆ ಕಟ್ಟಬೇಡಿ. ರಾಜಿ ನೋಡಬೇಕಂದ್ರೆ ಮೇಲುಕೋಟೆ ನೋಡಿ. 2023ರಲ್ಲಿ ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕಲಿಲ್ಲ. ದರ್ಶನ್ ಸಂಘದ್ದೇ ಆದ ಸರ್ವೋದಯ ಕರ್ನಾಟಕ ಪಕ್ಷದಿಂದಲೇ ನಿಂತು ಗೆದ್ದರು. ಪಕ್ಷದ ಹೆಸರೂ ಉಳೀತು, ಶಾಲೂ ಉಳೀತು.

ಹಾಗಂತ ಮೇಲುಕೋಟೆಯನ್ನೂ ಹೊತ್ಕೊಂಡು ಕುಣಿಯೋದು ಬೇಡ. ಕಾಂಗ್ರೆಸ್‌ಗೆ 135 ಸೀಟು ಬಂದ ಮೇಲೆ ಒಬ್ಬ ಎಮ್ಮೆಲ್ಲೆಯ ಹಂಗು ಅವರಿಗೇನು? ಹಾಸನದ ಪಕ್ಷ ಜೆಡಿಎಸ್ಸನ್ನೇ ನೋಡಿ. 2018ರಲ್ಲಿ 37 ಸೀಟಿಗೆ ಮುಖ್ಯಮಂತ್ರಿ ಸ್ಥಾನವೇ ಬಂತು, ಯಾಕಂದ್ರೆ ಸದನ ಅತಂತ್ರ ಆಗಿತ್ತು. 2023ರಲ್ಲಿ 19 ಬಂದಾಗ ಯಾರೂ ಫೋನ್ ಮಾಡಲಿಲ್ಲ. ಸಣ್ಣ ಪಕ್ಷದ ಮಾತಿಗೆ ತೂಕ ಇರೋದು ನಾಮಪತ್ರ ವಾಪಸ್ ತೆಗೆಯೋ ಕೊನೇ ದಿನದ ತನಕ. ಅವತ್ತು ಮಧ್ಯಾಹ್ನ ಮೂರು ಗಂಟೆ ಕಳೆದರೆ ನಾವು ಬರೀ ಓಟರ್‌ಗಳು.

ಅದಕ್ಕೇ ಸಂಘದಲ್ಲಿ ನಾನು ಕೇಳೋದು ಇಷ್ಟೇ. ಬೇಡಿಕೆ ಮೂವತ್ತು ಬೇಡ, ಮೂರು ಸಾಕು. ಕೊಬ್ಬರಿ ಖರೀದಿ ಕೇಂದ್ರ ಹೋಬಳಿಗೊಂದು. ನೋಂದಣಿ ಪಟ್ಟಿ ಗ್ರಾಮ ಪಂಚಾಯಿತಿ ಗೋಡೆ ಮೇಲೆ. ಕೆರೆಗೆ ನೀರು ಯಾವ ವರ್ಷ ಅಂತ ಬರಹದಲ್ಲಿ. ದೊಡ್ಡ ಪಕ್ಷದ ಅಭ್ಯರ್ಥಿ ಸಂತೆ ದಿನ ಜನರ ಮುಂದೆ ನಿಂತು ಇದಕ್ಕೆ ಸಹಿ ಹಾಕಲಿ, ರೆಸಾರ್ಟಲ್ಲಿ ಬೇಡ. ಹಾಕಿದರೆ ನಮ್ಮವರು ನಾಮಪತ್ರ ವಾಪಸ್ ತಗೊಳ್ಳಲಿ, ನಾನೇ ಅವರ ಪರ ಓಟು ಕೇಳ್ತೀನಿ. ಹಾಕಲ್ಲ ಅಂದ್ರೆ ನಿಂತು ಸೋಲೋಣ, ಅದರ ಅಭ್ಯಾಸ ನಮಗೆ ಹೇಗೂ ಇದೆ. ಮುಂದಿನ ಸಭೆಗೆ ಈ ಮೂರು ಸಾಲು ಬರ್ಕೊಂಡು ಬರ್ತೀನಿ. ಹಿರಿಯರು ಒಪ್ಪದಿದ್ದರೆ ಅವರದೇ ಮೂರು ಸಾಲು ಹೇಳಲಿ, ನಾನು ಬರ್ಕೋತೀನಿ.