ಹಂದಿ ಜ್ವರ: ವೈರಸ್ ಮೊದಲು ಕೋಶದ ಬಾಯಿ ಕಟ್ಟುತ್ತದೆ

ಹಂದಿ ಜ್ವರದ (ಮನುಷ್ಯರಿಗೆ ಬರುವ ಎಚ್1ಎನ್1 ಅಲ್ಲ, ಹಂದಿಗಳ ಕ್ಲಾಸಿಕಲ್ ಸ್ವೈನ್ ಫೀವರ್) ವೈರಸ್ ಜೀವಕೋಶವನ್ನು ನೇರವಾಗಿ ಕೊಲ್ಲುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ವಿಷಯ ಅಷ್ಟು ಸರಳ ಇಲ್ಲ. ವೈರಸ್ ಒಳಗೆ ಬಂತು ಅಂತ ಗೊತ್ತಾದರೆ ಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ತಯಾರಿಸಿ ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸಬೇಕು. ಆ ಕೆಲಸ ಶುರು ಮಾಡಿಸುವುದು ಐಆರ್‌ಎಫ್-3 ಎಂಬ ಪ್ರೋಟೀನ್. ವೈರಸ್ಸಿನ ಎನ್‌ಪ್ರೋ ಎಂಬ ಪ್ರೋಟೀನ್ ಈ ಐಆರ್‌ಎಫ್-3 ಅನ್ನೇ ಹಿಡಿದು, ಕೋಶದ ಸ್ವಂತ ಕಸ ಅರೆಯುವ ವ್ಯವಸ್ಥೆಗೆ ತಳ್ಳುತ್ತದೆ. ಕೂಗು ಹೊರಗೆ ಬರುವುದೇ ಇಲ್ಲ!

ಹಾವೇರಿ ಹತ್ತಿರ ನಮ್ಮದು ಸಣ್ಣ ಫಾರ್ಮ್. ಎರಡು ವರ್ಷದ ಹಿಂದೆ ಒಂದು ಮರಿ ಮುಸುರೆ ಮುಟ್ಟದೆ ಮೂಲೆಯಲ್ಲಿ ಮಲಗಿತ್ತು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಮೂರನೇ ದಿನಕ್ಕೆ ಕಿವಿಯ ತುದಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆ ವಾರ ಹನ್ನೊಂದು ಹೋದವು. ಲಸಿಕೆ ಹಾಕಿಸಿರಲಿಲ್ಲ. ಆಮೇಲಿಂದ ಇದನ್ನೆಲ್ಲ ಓದುತ್ತಿದ್ದೇನೆ.

ಹಂದಿಗಳ ಗರ್ಭಕ್ಕೂ ಉಸಿರಾಟಕ್ಕೂ ತೊಂದರೆ ಕೊಡುವ ಇನ್ನೊಂದು ರೋಗದ, ಪಿಆರ್‌ಆರ್‌ಎಸ್ ವೈರಸ್ ಕಥೆಯನ್ನೂ ಬರೆಯಬೇಕಿತ್ತು. ಅದಕ್ಕೆ ಕೋಶದ ಒಳಗೆ ಬರಲು ಹಂದಿಯ ಸಿಡಿ163 ಎಂಬ ಪ್ರೋಟೀನ್ ಬೇಕೇ ಬೇಕು. ಅದನ್ನು ಬದಲಿಸಿದ ಹಂದಿಗಳಿಗೆ 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ.

ಇನ್ನೊಂದು, ಆಫ್ರಿಕನ್ ಹಂದಿ ಜ್ವರ ಬೇರೆಯದೇ ವೈರಸ್. ಲೇಖನದಲ್ಲಿ ಎರಡೂ ಬೆರೆತಿವೆ, ದಯವಿಟ್ಟು ತಿದ್ದಿ. ಮಾಮೂಲಿ ಹಂದಿ ಜ್ವರದ ಲಸಿಕೆ ಅದಕ್ಕೆ ನಡೆಯುವುದಿಲ್ಲ.